ಲಕ್ಷ ಜನ ಸೇರಿದರೂ ಸದ್ದು ಒಂದೇ ಅಲ್ಲ: ಅಮೆರಿಕದ ಕಾಲೇಜು ಫುಟ್‌ಬಾಲ್ ಮೈದಾನಗಳ ಆರ್ಭಟಕ್ಕೆ ಕಾರಣಗಳೇನು?

1988ರ ಅಕ್ಟೋಬರ್ 8, ಶನಿವಾರ ರಾತ್ರಿ. ಅಮೆರಿಕದ ಲೂಸಿಯಾನ ರಾಜ್ಯದ ಬ್ಯಾಟನ್ ರೂಜ್ ನಗರದ ಟೈಗರ್ ಸ್ಟೇಡಿಯಂನಲ್ಲಿ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ, ಅಂದರೆ ಎಲ್‌ಎಸ್‌ಯು ತಂಡ ಆಬರ್ನ್ ವಿರುದ್ಧ 0-6ರಿಂದ ಹಿಂದಿತ್ತು. ಪಂದ್ಯ ಮುಗಿಯಲು ಎರಡು ನಿಮಿಷವೂ ಇರಲಿಲ್ಲ. ನಾಲ್ಕನೇ ಹಾಗೂ ಕೊನೆಯ ಪ್ರಯತ್ನದಲ್ಲಿ ಕ್ವಾರ್ಟರ್‌ಬ್ಯಾಕ್ ಟಾಮಿ ಹಾಡ್ಸನ್ ಎಸೆದ ಚೆಂಡನ್ನು ಎಡ್ಡಿ ಫುಲ್ಲರ್ ಹಿಡಿದರು. ಎಲ್‌ಎಸ್‌ಯು 7-6ರಿಂದ ಗೆದ್ದಿತು. ಆ ಕ್ಷಣದಲ್ಲಿ ಎದ್ದ ಜನರ ಕುಣಿತ ಮತ್ತು ಕೂಗಿನ ಕಂಪನ ಅದೇ ಕ್ಯಾಂಪಸ್ಸಿನ ಭೂವಿಜ್ಞಾನ ವಿಭಾಗದ ಭೂಕಂಪ ಮಾಪಕದಲ್ಲಿ ದಾಖಲಾಗಿತ್ತು. ಅಂದಿನಿಂದ ಆ ಪಂದ್ಯಕ್ಕೆ 'ಭೂಕಂಪದ ಪಂದ್ಯ' ಎಂದೇ ಹೆಸರು.

ಹಾಗೆಂದು ಎಲ್ಲ ಕಾಲೇಜು ಮೈದಾನಗಳೂ ಹೀಗೆ ಅಬ್ಬರಿಸುವುದಿಲ್ಲ. ಲಕ್ಷಕ್ಕೂ ಹೆಚ್ಚು ಜನ ಕೂರುವ ಕ್ರೀಡಾಂಗಣ ಮೆತ್ತಗಿರುವುದುಂಟು, 54 ಸಾವಿರ ಜನರ ಕ್ರೀಡಾಂಗಣ ಕಿವಿ ಗಡಚಿಕ್ಕುವಂತೆ ಮೊಳಗುವುದೂ ಉಂಟು. ಎಷ್ಟು ಜನ ಬಂದಿದ್ದಾರೆ ಎನ್ನುವುದಕ್ಕಿಂತ ಯಾರು ಬಂದಿದ್ದಾರೆ, ಎಲ್ಲಿ ಕೂತಿದ್ದಾರೆ, ಯಾವಾಗ ಕೂಗುತ್ತಾರೆ, ಆ ಕೂಗನ್ನು ಕಟ್ಟಡ ಹಿಡಿದಿಡುತ್ತದೆಯೋ ಆಕಾಶಕ್ಕೆ ಬಿಟ್ಟುಬಿಡುತ್ತದೆಯೋ ಎನ್ನುವುದೇ ಇಲ್ಲಿ ಮುಖ್ಯ.

ಇದು ಯಾವ ಫುಟ್‌ಬಾಲ್?

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ಕಾಲಿನಿಂದ ಒದೆಯುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಎರಡೂ ಕಡೆ 11 ಆಟಗಾರರು. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಪ್ರಯತ್ನಗಳೊಳಗೆ ಕನಿಷ್ಠ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತವೆ, ಇಲ್ಲವಾದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಈ ಒಂದೊಂದು ಪ್ರಯತ್ನವನ್ನು 'ಡೌನ್' ಎನ್ನುತ್ತಾರೆ.

ವಿಶ್ವವಿದ್ಯಾಲಯಗಳ ನಡುವಿನ ಈ ಪಂದ್ಯಗಳು ಆಗಸ್ಟ್ ಕೊನೆಯಿಂದ ಡಿಸೆಂಬರ್ ಆರಂಭದವರೆಗೆ ಹೆಚ್ಚಾಗಿ ಶನಿವಾರಗಳಂದು ನಡೆಯುತ್ತವೆ. ಆನಂತರ ಬೌಲ್ ಪಂದ್ಯಗಳು ಮತ್ತು ಪ್ಲೇಆಫ್ ಜನವರಿವರೆಗೆ ಸಾಗುತ್ತವೆ. ಅಗ್ರ ವಿಭಾಗದಲ್ಲೇ 130ಕ್ಕೂ ಹೆಚ್ಚು ತಂಡಗಳಿವೆ. ಮಿಷಿಗನ್, ಪೆನ್ ಸ್ಟೇಟ್, ಒಹಾಯೊ ಸ್ಟೇಟ್, ಟೆಕ್ಸಾಸ್ ಎ ಅಂಡ್ ಎಂ, ಎಲ್‌ಎಸ್‌ಯು, ಟೆನೆಸಿ, ಟೆಕ್ಸಾಸ್ ಮತ್ತು ಅಲಬಾಮಾ ವಿಶ್ವವಿದ್ಯಾಲಯಗಳ ಕ್ರೀಡಾಂಗಣಗಳಲ್ಲಿ ತಲಾ ಲಕ್ಷಕ್ಕೂ ಹೆಚ್ಚು ಆಸನಗಳಿವೆ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಯಾವ ಕ್ರೀಡಾಂಗಣದ ಸಾಮಾನ್ಯ ಆಸನ ಸಂಖ್ಯೆಯೂ ಲಕ್ಷ ಮುಟ್ಟುವುದಿಲ್ಲ.

ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಇರುವ ಸ್ಟೇಟ್ ಕಾಲೇಜ್ ಪಟ್ಟಣದ ಜನಸಂಖ್ಯೆ ಸುಮಾರು 40 ಸಾವಿರ. ಅಲ್ಲಿನ ಬೀವರ್ ಸ್ಟೇಡಿಯಂನಲ್ಲಿ ಕೂರುವವರು ಲಕ್ಷಕ್ಕೂ ಹೆಚ್ಚು. ಪಂದ್ಯದ ದಿನ ಊರಿಗೆ ಊರೇ ಜಾತ್ರೆಯಾಗುತ್ತದೆ. ಇಂಥ ಎಷ್ಟೋ ಊರುಗಳಲ್ಲಿ ವೃತ್ತಿಪರ ತಂಡವೇ ಇಲ್ಲ. ಕಾಲೇಜು ತಂಡವೇ ಊರಿನ ತಂಡ, ತಲೆಮಾರುಗಳಿಂದ ಮನೆತನದ ತಂಡ.

ಮಕ್ಕಳನ್ನು ಓದಲು ಈ ವಿಶ್ವವಿದ್ಯಾಲಯಗಳಿಗೆ ಕಳಿಸಿರುವ ಕನ್ನಡ ಕುಟುಂಬಗಳಿಗೂ ಈ ಶನಿವಾರಗಳ ಪರಿಚಯ ಇದ್ದೇ ಇರುತ್ತದೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅಮೆರಿಕದ ಪೂರ್ವ ಭಾಗದಲ್ಲಿ ರಾತ್ರಿ 7.30ಕ್ಕೆ ಪಂದ್ಯ ಶುರುವಾದರೆ ಭಾರತದಲ್ಲಿ ಭಾನುವಾರ ಬೆಳಗಿನ ಜಾವ 5 ಗಂಟೆ. ಗಂಟಲು ಕಟ್ಟಿಕೊಂಡ ಮಗನೋ ಮಗಳೋ ಫೋನ್ ಮಾಡುವುದು ಪಂದ್ಯ ಮುಗಿದ ಮೇಲೆಯೇ.

ಕೂಗಿನಿಂದ ಆಟಕ್ಕೆ ಏನಾಗುತ್ತದೆ?

ಕ್ರಿಕೆಟ್‌ನಲ್ಲಿ ಪ್ರೇಕ್ಷಕರ ಗದ್ದಲ ಹೆಚ್ಚಾಗಿ ಹುರುಪು ತುಂಬುವುದಕ್ಕೆ ಸೀಮಿತ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅದು ನೇರವಾಗಿ ಆಟಕ್ಕೇ ಕೈ ಹಾಕುತ್ತದೆ. ಪ್ರತಿ ಪ್ರಯತ್ನಕ್ಕೂ ಮುನ್ನ ಕ್ವಾರ್ಟರ್‌ಬ್ಯಾಕ್ ತನ್ನ ಹತ್ತು ಸಹ ಆಟಗಾರರಿಗೆ ಯೋಜನೆ ತಿಳಿಸಬೇಕು. ಎದುರಾಳಿಯ ರಕ್ಷಣೆಯನ್ನು ನೋಡಿ ಕೊನೆ ಗಳಿಗೆಯಲ್ಲಿ ಯೋಜನೆ ಬದಲಿಸಬೇಕಾಗಬಹುದು. ಚೆಂಡು ಯಾವ ಕ್ಷಣದಲ್ಲಿ ಹಿಂದಕ್ಕೆ ಬರಬೇಕು ಎಂಬುದನ್ನು ಕೂಗಿ ಹೇಳಬೇಕು. ಇದೆಲ್ಲ ನಡೆಯುವುದು ಬಾಯಿಮಾತಿನಲ್ಲಿ.

ಆ ಮಾತು ಕೇಳಿಸದಿದ್ದರೆ ಆಟಗಾರ ಅವಸರದಲ್ಲಿ ಮೊದಲೇ ಕದಲುತ್ತಾನೆ. ಇದಕ್ಕೆ 'ಫಾಲ್ಸ್ ಸ್ಟಾರ್ಟ್' ಎಂದು ಹೆಸರು, ದಂಡ 5 ಗಜ. ಸಂಕೇತ ಮುಟ್ಟಿಸುವಷ್ಟರಲ್ಲಿ ನಿಗದಿತ ಸಮಯ ಮೀರಿದರೂ 5 ಗಜ ದಂಡ. ಸಮಯ ಉಳಿಸಿಕೊಳ್ಳಲು ಟೈಮ್‌ಔಟ್ ಖರ್ಚು ಮಾಡಬೇಕಾಗಿ ಬರುತ್ತದೆ. ನೂರು ಗಜದ ಮೈದಾನದಲ್ಲಿ 5 ಗಜ ಅಲ್ಪ ಎನಿಸಬಹುದು. ಆದರೆ ಮೂರನೇ ಡೌನ್‌ನಲ್ಲಿ 4 ಗಜ ಬೇಕಾಗಿದ್ದ ತಂಡಕ್ಕೆ ಒಮ್ಮೆಲೇ 9 ಗಜ ಬೇಕಾಗುವುದು ಪಂದ್ಯದ ದಿಕ್ಕನ್ನೇ ಬದಲಿಸಬಲ್ಲದು.

ಆದ್ದರಿಂದಲೇ ಪಳಗಿದ ಪ್ರೇಕ್ಷಕರು ಮನಸ್ಸು ಬಂದಾಗಲೆಲ್ಲ ಕೂಗುವುದಿಲ್ಲ. ತಮ್ಮ ತಂಡದ ಕೈಯಲ್ಲಿ ಚೆಂಡಿದ್ದಾಗ ಗಪ್‌ಚುಪ್, ಎದುರಾಳಿಯ ಕೈಗೆ ಹೋದಾಗ ಗುಡುಗು. ಪೆನ್ ಸ್ಟೇಟ್‌ನ ಧ್ವನಿವಿಜ್ಞಾನ ಸಂಶೋಧಕರು ಬೀವರ್ ಸ್ಟೇಡಿಯಂನಲ್ಲಿ ನಡೆಸಿದ ಅಳತೆಯಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು. ತವರು ತಂಡ ಆಡುವಾಗ ಸದ್ದು ಸುಮಾರು 75 ಡೆಸಿಬಲ್ ಇದ್ದರೆ, ಎದುರಾಳಿ ಆಡುವಾಗ ಸುಮಾರು 110 ಡೆಸಿಬಲ್‌ಗೆ ಏರಿತ್ತು. ಅಷ್ಟು ಸದ್ದಿನಲ್ಲಿ ಕ್ವಾರ್ಟರ್‌ಬ್ಯಾಕ್ ಕೂಗಿದ್ದು ಪಕ್ಕದಲ್ಲೇ ನಿಂತವನಿಗೂ ಕೇಳಿಸುವುದು ಕಷ್ಟ.

ಜನ ದುಪ್ಪಟ್ಟಾದರೆ ಸದ್ದೂ ದುಪ್ಪಟ್ಟೇ?

ಅಲ್ಲ. ಡೆಸಿಬಲ್ ಲೆಕ್ಕ ಕೂಡುವ ಲೆಕ್ಕವಲ್ಲ. ಧ್ವನಿಯ ಶಕ್ತಿ ಹತ್ತು ಪಟ್ಟು ಹೆಚ್ಚಿದರೆ ಮಾಪಕದಲ್ಲಿ ಏರುವುದು 10 ಡೆಸಿಬಲ್ ಮಾತ್ರ. ಮನುಷ್ಯನ ಕಿವಿಗೆ ಅದು ಹೆಚ್ಚುಕಡಿಮೆ ಎರಡರಷ್ಟು ಜೋರಾಗಿ ಕೇಳಿಸುತ್ತದೆ. ಶಕ್ತಿ ಎರಡು ಪಟ್ಟಾದರೆ ಏರಿಕೆ ಸುಮಾರು 3 ಡೆಸಿಬಲ್. ಅಂದರೆ, ಉಳಿದೆಲ್ಲ ಒಂದೇ ಆಗಿದ್ದರೆ, 50 ಸಾವಿರ ಜನರ ಜಾಗದಲ್ಲಿ ಒಂದು ಲಕ್ಷ ಜನ ಕೂಗಿದರೂ ಹೆಚ್ಚುವುದು ಬರೀ 3 ಡೆಸಿಬಲ್!

ಅದೂ ಎಲ್ಲರೂ ಮೈದಾನಕ್ಕೆ ಒಂದೇ ದೂರದಲ್ಲಿದ್ದರೆ. ದೂರ ಎರಡರಷ್ಟಾದಾಗ ಬಯಲಿನಲ್ಲಿ ಒಬ್ಬನ ಕೂಗು ಸುಮಾರು 6 ಡೆಸಿಬಲ್ ಕುಗ್ಗುತ್ತದೆ. ಕ್ರೀಡಾಂಗಣ ದೊಡ್ಡದಾದಷ್ಟೂ ಹೊಸ ಆಸನಗಳು ಹಿಂದಕ್ಕೆ, ಮೇಲಕ್ಕೆ ಹೋಗುತ್ತವೆ. ಮೇಲಿನ ಸಾಲುಗಳ ಕೂಗು ಆಟಗಾರರನ್ನು ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಮುಂದಿನ ಸಾಲುಗಳಲ್ಲಿ ಎದ್ದು ನಿಂತು ಕೂಗುವ ಹತ್ತು ಸಾವಿರ ಮಂದಿ, ಹಿಂದೆ ಕೂತು ನೋಡುವ ಐವತ್ತು ಸಾವಿರ ಮಂದಿಗಿಂತ ಹೆಚ್ಚು ಕೆಲಸ ಮಾಡಬಲ್ಲರು.

ದೊಡ್ಡ ಮೈದಾನದಲ್ಲಿ ಇನ್ನೊಂದು ತೊಡಕಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುತ್ತದೆ. ಒಂದು ತುದಿಯ ಬ್ಯಾಂಡ್ ಬಾರಿಸಿದ್ದು 170 ಮೀಟರ್ ದೂರದ ಇನ್ನೊಂದು ತುದಿಗೆ ತಲುಪಲು ಅರ್ಧ ಸೆಕೆಂಡ್ ಬೇಕು. ಹೀಗಾಗಿ ಹಾಡು, ಘೋಷಣೆ, ಚಪ್ಪಾಳೆಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಾಳ ತಪ್ಪುತ್ತವೆ. ತಾಳದ ಹಂಗಿಲ್ಲದ ಬರೀ ಅಬ್ಬರಕ್ಕೆ ಈ ತೊಂದರೆ ಇಲ್ಲ. ಎದುರಾಳಿಯನ್ನು ಕಂಗೆಡಿಸಲು ಘೋಷಣೆಗಿಂತ ಅಬ್ಬರವೇ ಹೆಚ್ಚು ಪರಿಣಾಮಕಾರಿಯಾಗುವುದು ಈ ಕಾರಣಕ್ಕೂ ಹೌದು.

ಕಟ್ಟಡವೇ ಅರ್ಧ ಸದ್ದು

ಆನ್ ಆರ್ಬರ್‌ನ ಮಿಷಿಗನ್ ಸ್ಟೇಡಿಯಂ ಇದಕ್ಕೆ ಒಳ್ಳೆಯ ಉದಾಹರಣೆ. 1927ರಲ್ಲಿ ತೆರೆದ, 'ಬಿಗ್ ಹೌಸ್' ಎಂದು ಕರೆಸಿಕೊಳ್ಳುವ ಈ ಕ್ರೀಡಾಂಗಣದ ಈಗಿನ ಸಾಮರ್ಥ್ಯ 1,07,601. 2013ರಲ್ಲಿ ನೋಟರ್ ಡೇಮ್ ವಿರುದ್ಧದ ಪಂದ್ಯಕ್ಕೆ 1,15,109 ಜನ ಬಂದಿದ್ದರು. ಆದರೂ ಬಹುಕಾಲ ಅದಕ್ಕೆ 'ಗಾತ್ರಕ್ಕೆ ತಕ್ಕ ಸದ್ದಿಲ್ಲ' ಎಂಬ ಮಾತು ಅಂಟಿಕೊಂಡಿತ್ತು. ಅದು ನೆಲದೊಳಗೆ ಅಗೆದು ಕಟ್ಟಿದ, ಹರವಾದ ಬೋಗುಣಿಯಂಥ ಕಟ್ಟಡ. ಆಸನಗಳ ಇಳಿಜಾರು ಕಡಿದಾಗಿಲ್ಲ, ಚಾವಣಿ ಇಲ್ಲ. ಕೂಗು ಮೇಲಕ್ಕೆ ಹೋಗಿ ಚದುರುತ್ತಿತ್ತು. 2010ರಲ್ಲಿ ಮುಗಿದ ನವೀಕರಣದಲ್ಲಿ ಎರಡೂ ಬದಿಗೆ ಎತ್ತರದ ಕಟ್ಟಡಗಳು ಎದ್ದ ಮೇಲೆ ಅವುಗಳ ಗೋಡೆಗೆ ಬಡಿದ ಸದ್ದು ಮೈದಾನಕ್ಕೆ ಮರಳತೊಡಗಿತು.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಸ್ಕಿ ಸ್ಟೇಡಿಯಂ ಇದಕ್ಕೆ ತದ್ವಿರುದ್ಧ. ಸುಮಾರು 70 ಸಾವಿರ ಆಸನಗಳಷ್ಟೇ. ಆದರೆ ಎರಡೂ ಬದಿಯ ಪ್ರೇಕ್ಷಕರ ತಲೆಯ ಮೇಲೆ ಮುಂದಕ್ಕೆ ಚಾಚಿದ ಲೋಹದ ಚಾವಣಿಗಳಿವೆ. ಮೇಲೇರಿದ ಕೂಗನ್ನು ಅವು ಕೆಳಕ್ಕೆ ತಳ್ಳುತ್ತವೆ. 1992ರಲ್ಲಿ ನೆಬ್ರಾಸ್ಕ ವಿರುದ್ಧದ ರಾತ್ರಿ ಪಂದ್ಯದಲ್ಲಿ ಅಲ್ಲಿ 133.6 ಡೆಸಿಬಲ್ ದಾಖಲಾಯಿತು ಎಂದು ಇಂದಿಗೂ ಹೇಳಿಕೊಳ್ಳುತ್ತಾರೆ. 2013ರಲ್ಲಿ ನವೀಕರಣ ಮುಗಿಸಿ ತೆರೆದಾಗ, ಮೈದಾನದ ಸುತ್ತ ಇದ್ದ ಓಟದ ಟ್ರ್ಯಾಕ್ ತೆಗೆದು ಆಸನಗಳನ್ನು ಮತ್ತಷ್ಟು ಹತ್ತಿರ ತರಲಾಗಿತ್ತು.

ಒರೆಗಾನ್ ವಿಶ್ವವಿದ್ಯಾಲಯದ ಆಟ್ಜೆನ್ ಸ್ಟೇಡಿಯಂನಲ್ಲಿ 54 ಸಾವಿರ ಆಸನ ಮಾತ್ರ. ತಗ್ಗಿನಲ್ಲಿರುವ ಮೈದಾನ, ಅಂಚಿಗೇ ಬಂದು ನಿಲ್ಲುವ ಪ್ರೇಕ್ಷಕರ ಸಾಲು ಎರಡೂ ಸೇರಿ ಅದು ದೇಶದ ಅತಿ ಗದ್ದಲದ ಮೈದಾನಗಳ ಪಟ್ಟಿಯಲ್ಲಿ ಸದಾ ಇರುತ್ತದೆ. 'ಸ್ವಾಂಪ್', ಅಂದರೆ ಜೌಗು ಎಂದು ಕರೆಯುವ ಫ್ಲೋರಿಡಾ ವಿಶ್ವವಿದ್ಯಾಲಯದ ಕ್ರೀಡಾಂಗಣದ ಗುಟ್ಟೂ ಇದೇ. ತಗ್ಗಿನ ಮೈದಾನ, ಕಡಿದಾದ ಮೆಟ್ಟಿಲುಗಳು, ಜೊತೆಗೆ ಅಲ್ಲಿನ ಸೆಕೆ. ಅಲ್ಯೂಮಿನಿಯಂ ಬೆಂಚುಗಳಿರುವ ಕಡೆ ಕಾಲಿನಿಂದ ಬಡಿಯುವ ಸದ್ದೂ ಸೇರಿಕೊಳ್ಳುತ್ತದೆ.

ವಿದ್ಯಾರ್ಥಿಗಳು ಎಲ್ಲಿ ಕೂರುತ್ತಾರೆ?

ಯಾವ ಕಾಲೇಜು ಮೈದಾನದಲ್ಲೂ ಸದ್ದಿನ ಮೂಲ ವಿದ್ಯಾರ್ಥಿಗಳ ವಿಭಾಗ. ಅವರು ಪಂದ್ಯದುದ್ದಕ್ಕೂ ನಿಂತಿರುತ್ತಾರೆ, ಬ್ಯಾಂಡ್ ಪಕ್ಕದಲ್ಲಿರುತ್ತದೆ, ಗಂಟಲು ಉಳಿಸಿಕೊಳ್ಳುವ ಚಿಂತೆ ಇರುವುದಿಲ್ಲ. ಅವರನ್ನು ಮೈದಾನದ ತುದಿಯಲ್ಲಿ, ಕೆಳಗಿನ ಸಾಲುಗಳಲ್ಲಿ ಒಟ್ಟಾಗಿ ಕೂರಿಸಿದರೆ ಆ ತುದಿಗೆ ಬಂದ ಎದುರಾಳಿ ತಂಡಕ್ಕೆ ಕಷ್ಟಕಾಲ. ಮೂಲೆಗಳಿಗೆ, ಮೇಲಿನ ಮಹಡಿಗೆ ಚದುರಿಸಿದರೆ ಅದೇ ಹುರುಪು ಅರ್ಧ ವ್ಯರ್ಥ.

ಇಲ್ಲೇ ಹಣದ ಪ್ರಶ್ನೆ ಬರುತ್ತದೆ. ಮಧ್ಯರೇಖೆಯ ಅಕ್ಕಪಕ್ಕದ ಕೆಳಗಿನ ಆಸನಗಳು ಅತಿ ದುಬಾರಿ. ಅವುಗಳಿಗೆ ಟಿಕೆಟ್ ದರದ ಜೊತೆಗೆ ವಿಶ್ವವಿದ್ಯಾಲಯಕ್ಕೆ ದೇಣಿಗೆಯನ್ನೂ ಕೊಡಬೇಕಾಗುವುದು ಸಾಮಾನ್ಯ. ಅಲ್ಲಿ ಕೂರುವವರು ಹೆಚ್ಚಾಗಿ ವಯಸ್ಸಾದ ಹಳೆಯ ವಿದ್ಯಾರ್ಥಿಗಳು, ದಾನಿಗಳು. ಗಾಜಿನ ಹಿಂದಿನ ಐಷಾರಾಮಿ ಕೋಣೆಗಳಿಂದ ಹಣ ಬರುತ್ತದೆ, ಕೂಗು ಬರುವುದಿಲ್ಲ. ಆದಾಯವನ್ನೂ ಅಬ್ಬರವನ್ನೂ ಸರಿದೂಗಿಸುವುದು ಎಲ್ಲ ಕ್ರೀಡಾ ಆಡಳಿತಗಳಿಗೂ ತಲೆನೋವು.

ಕ್ರೀಡಾಂಗಣ ಕ್ಯಾಂಪಸ್ಸಿಗೆ ಎಷ್ಟು ಹತ್ತಿರ ಎಂಬುದೂ ಮುಖ್ಯ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ತನ್ನ ತವರು ಪಂದ್ಯಗಳನ್ನು 1982ರಿಂದ ಪ್ಯಾಸಡೀನಾದ ರೋಸ್ ಬೌಲ್‌ನಲ್ಲಿ ಆಡುತ್ತಾ ಬಂದಿದೆ. ಕ್ಯಾಂಪಸ್ಸಿನಿಂದ ಅದು ಸುಮಾರು 40 ಕಿಲೋಮೀಟರ್. ಹಾಸ್ಟೆಲ್‌ನಿಂದ ನಡೆದು ಬರುವ ಮೈದಾನಕ್ಕೂ ಬಸ್ ಹತ್ತಿ ಹೋಗಬೇಕಾದ ಮೈದಾನಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ.

ರಾತ್ರಿ ಪಂದ್ಯಕ್ಕೆ ಯಾಕೆ ಹೆಚ್ಚು ಕಳೆ?

ಎಲ್‌ಎಸ್‌ಯು 1931ರಲ್ಲೇ ಟೈಗರ್ ಸ್ಟೇಡಿಯಂನಲ್ಲಿ ರಾತ್ರಿ ಪಂದ್ಯ ಆರಂಭಿಸಿತು. 'ಶನಿವಾರ ರಾತ್ರಿ' ಎಂಬುದು ಇಂದು ಆ ತಂಡದ ಗುರುತು. ರಾತ್ರಿ ಪಂದ್ಯವೆಂದರೆ ಅಭಿಮಾನಿಗಳಿಗೆ ಇಡೀ ದಿನ ಸಿಗುತ್ತದೆ. ಬೆಳಗಿನಿಂದಲೇ ಪಾರ್ಕಿಂಗ್ ಜಾಗಗಳಲ್ಲಿ ಡೇರೆ ಹಾಕಿ, ಒಲೆ ಹೂಡಿ, ತಿಂದು ಕುಡಿದು ಕಾಯುವ ರೂಢಿಗೆ 'ಟೇಲ್‌ಗೇಟಿಂಗ್' ಎನ್ನುತ್ತಾರೆ. ಒಳಗೆ ಬರುವಷ್ಟರಲ್ಲಿ ಜನ ಕಾವೇರಿರುತ್ತಾರೆ. ಅದೇ ಬೆಳಗ್ಗೆ 11 ಅಥವಾ ಮಧ್ಯಾಹ್ನ 12ಕ್ಕೆ ಪಂದ್ಯವಿದ್ದರೆ ಅರ್ಧ ಜನ ನಿದ್ದೆಗಣ್ಣಿನಲ್ಲೇ ಬಂದಿರುತ್ತಾರೆ. ದಕ್ಷಿಣದ ರಾಜ್ಯಗಳ ಸೆಪ್ಟೆಂಬರ್ ಬಿಸಿಲಿನಲ್ಲಿ ನೆರಳು ಹುಡುಕಿಕೊಂಡು ಹೋಗುವವರೂ ಇರುತ್ತಾರೆ.

ಪಂದ್ಯದ ವೇಳೆಯನ್ನು ನಿರ್ಧರಿಸುವುದು ಹೆಚ್ಚಾಗಿ ಟಿವಿ ವಾಹಿನಿಗಳು. ಎಷ್ಟೋ ಬಾರಿ ಎರಡು ವಾರದೊಳಗೆ, ಕೆಲವೊಮ್ಮೆ ಆರೇ ದಿನ ಮೊದಲು ಸಮಯ ಪ್ರಕಟವಾಗುತ್ತದೆ. ದೂರದೂರಿನಿಂದ ಬರುವ ಅಭಿಮಾನಿಗೆ ಇದು ತಾಪತ್ರಯ.

ಎದುರಾಳಿ ಯಾರು ಎಂಬುದು ಇನ್ನೊಂದು ಅಂಶ. ಹಳೆಯ ವೈರ, ಅಗ್ರ ಶ್ರೇಯಾಂಕದ ತಂಡ ಬಂದರೆ ಮೈದಾನ ತಾನಾಗಿ ರಂಗೇರುತ್ತದೆ. ಸುಲಭ ತುತ್ತಾಗುವ ಸಣ್ಣ ತಂಡವಾದರೆ ಜನ ಮಧ್ಯಂತರಕ್ಕೇ ಜಾಗ ಖಾಲಿ ಮಾಡುತ್ತಾರೆ. ಸ್ಕೋರ್ ಸಮಬಲದಲ್ಲಿದ್ದಷ್ಟೂ ಸದ್ದು ಉಳಿಯುತ್ತದೆ. ಮಳೆಯಲ್ಲಿ ಜನ ಚದುರುತ್ತಾರೆ, ಚಳಿಯಲ್ಲಿ ದಪ್ಪ ಕೈಗವಸು ಚಪ್ಪಾಳೆಯ ಸದ್ದನ್ನು ನುಂಗುತ್ತದೆ.

ತಟಸ್ಥ ಮೈದಾನದ ರಂಗು ಬೇರೆಯೇ. ಟೆಕ್ಸಾಸ್ ಮತ್ತು ಒಕ್ಲಹೋಮ ತಂಡಗಳು ಪ್ರತಿವರ್ಷ ಡಲ್ಲಾಸ್‌ನ ಕಾಟನ್ ಬೌಲ್‌ನಲ್ಲಿ, ರಾಜ್ಯದ ದೊಡ್ಡ ಮೇಳದ ನಡುವೆ ಸೆಣಸುತ್ತವೆ. ಮೈದಾನದ ನಡುಗೆರೆಯಿಂದ ಅರ್ಧ ಭಾಗ ಒಂದು ಬಣ್ಣ, ಇನ್ನರ್ಧ ಇನ್ನೊಂದು ಬಣ್ಣ. ಚೆಂಡು ಯಾರ ಕೈಯಲ್ಲಿದ್ದರೂ ಅಲ್ಲಿ ಮೌನ ಎಂಬುದಿಲ್ಲ.

ರೂಢಿಗಳು ಕಟ್ಟಿದ ಕಳೆ

ಪ್ರತಿ ಮೈದಾನಕ್ಕೂ ತನ್ನದೇ ಆಚರಣೆಗಳಿವೆ. ಯಾವಾಗ ಏನು ಮಾಡಬೇಕು ಎಂಬುದನ್ನು ಹೊಸ ವಿದ್ಯಾರ್ಥಿಗಳಿಗೆ ಯಾರೂ ಕೂರಿಸಿ ಕಲಿಸುವುದಿಲ್ಲ, ಹಿರಿಯರನ್ನು ನೋಡಿ ಕಲಿಯುತ್ತಾರೆ.

* ಹನ್ನೆರಡನೇ ಆಟಗಾರ: 1922ರ ಜನವರಿ 2ರಂದು ಡಲ್ಲಾಸ್‌ನ ಪಂದ್ಯದಲ್ಲಿ ಟೆಕ್ಸಾಸ್ ಎ ಅಂಡ್ ಎಂ ತಂಡದ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡಾಗ, ಪ್ರೇಕ್ಷಕರ ನಡುವೆ ಇದ್ದ ವಿದ್ಯಾರ್ಥಿ ಇ. ಕಿಂಗ್ ಗಿಲ್ ಅವರನ್ನು ಕರೆಸಲಾಯಿತು. ಅವರು ಸಮವಸ್ತ್ರ ತೊಟ್ಟು ಕೊನೆಯವರೆಗೂ ಸಿದ್ಧರಾಗಿ ನಿಂತರು, ಆಡುವ ಪ್ರಸಂಗ ಬರಲಿಲ್ಲ. 'ಕರೆದರೆ ನಾವೂ ಸಿದ್ಧ' ಎಂಬ ಅರ್ಥದಲ್ಲಿ ಅಲ್ಲಿನ ವಿದ್ಯಾರ್ಥಿಗಳು ಇಂದಿಗೂ ಇಡೀ ಪಂದ್ಯವನ್ನು ನಿಂತೇ ನೋಡುತ್ತಾರೆ.

* ವೈಟ್ ಔಟ್: ಪೆನ್ ಸ್ಟೇಟ್‌ನಲ್ಲಿ ಆಯ್ದ ಪಂದ್ಯಕ್ಕೆ ಎಲ್ಲರೂ ಬಿಳಿ ಬಟ್ಟೆ ತೊಟ್ಟು ಬರುತ್ತಾರೆ. ಮೊದಲು ವಿದ್ಯಾರ್ಥಿಗಳ ವಿಭಾಗಕ್ಕೆ ಸೀಮಿತವಾಗಿದ್ದ ಇದು 2007ರ ನೋಟರ್ ಡೇಮ್ ಪಂದ್ಯದಲ್ಲಿ ಇಡೀ ಕ್ರೀಡಾಂಗಣಕ್ಕೆ ಹಬ್ಬಿತು.

* ಎಂಟರ್ ಸ್ಯಾಂಡ್‌ಮನ್: ವರ್ಜೀನಿಯಾ ಟೆಕ್ ತಂಡ 2000ದಿಂದ ಮೆಟಾಲಿಕಾದ ಈ ಹಾಡಿನೊಂದಿಗೆ ಮೈದಾನಕ್ಕೆ ಇಳಿಯುತ್ತದೆ. ಆಗ ಜನ ಒಟ್ಟಾಗಿ ಜಿಗಿಯುವ ಕಂಪನ ಸಮೀಪದ ಭೂಕಂಪ ಮಾಪಕದಲ್ಲಿ ದಾಖಲಾದದ್ದಿದೆ.

* ಜಂಪ್ ಅರೌಂಡ್: ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮೂರನೇ ಮತ್ತು ನಾಲ್ಕನೇ ಕ್ವಾರ್ಟರ್ ನಡುವೆ 1998ರಿಂದ ಈ ಹಾಡಿಗೆ ಜಿಗಿಯುತ್ತಾರೆ. 2003ರಲ್ಲಿ ಕಟ್ಟಡದ ಸುರಕ್ಷತೆಯ ಶಂಕೆಯಿಂದ ನಿಲ್ಲಿಸಲಾಗಿತ್ತು. ವಿದ್ಯಾರ್ಥಿಗಳ ಪ್ರತಿಭಟನೆಯ ನಂತರ, ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡು ಮತ್ತೆ ಆರಂಭಿಸಲಾಯಿತು.

* ಅಯೋವಾ ವೇವ್: ಇದು ಸದ್ದಿಲ್ಲದ ಆಚರಣೆ. ಅಯೋವಾ ವಿಶ್ವವಿದ್ಯಾಲಯದ ಕಿನ್ನಿಕ್ ಸ್ಟೇಡಿಯಂ ಪಕ್ಕದಲ್ಲೇ ಮಕ್ಕಳ ಆಸ್ಪತ್ರೆ ಇದೆ. 2017ರಿಂದ ಮೊದಲ ಕ್ವಾರ್ಟರ್ ಮುಗಿದಾಗ ಇಡೀ ಮೈದಾನದ ಜನ, ಎರಡೂ ತಂಡದವರು, ಆಸ್ಪತ್ರೆಯ ಕಿಟಕಿಗಳಲ್ಲಿ ನಿಂತ ಮಕ್ಕಳತ್ತ ಕೈಬೀಸುತ್ತಾರೆ.

ಕೊನೆಯ ಉದಾಹರಣೆ ಹೇಳುವುದಿಷ್ಟು: ಮೈದಾನದ ಕಳೆಯನ್ನು ಡೆಸಿಬಲ್‌ನಲ್ಲಿ ಮಾತ್ರ ಅಳೆಯಲಾಗದು.

ಗದ್ದಲಕ್ಕೂ ನಿಯಮವಿದೆ

ಗಂಟಲಿನ ಕೂಗಿಗೆ ಕಡಿವಾಣವಿಲ್ಲ, ಸಾಧನಗಳಿಗೆ ಇದೆ. ಆಗ್ನೇಯ ರಾಜ್ಯಗಳ ತಂಡಗಳ ಒಕ್ಕೂಟ ಎಸ್‌ಇಸಿ 1974ರಲ್ಲಿ ಕೃತಕ ಸದ್ದಿನ ಸಾಧನಗಳನ್ನು ನಿಷೇಧಿಸಿತು. ಇದರಿಂದ ಹೆಚ್ಚು ಪೆಟ್ಟು ಬಿದ್ದದ್ದು ಮಿಸ್ಸಿಸಿಪ್ಪಿ ಸ್ಟೇಟ್ ಅಭಿಮಾನಿಗಳಿಗೆ. ದನದ ಕೊರಳಿನ ಗಂಟೆಯನ್ನು ಅಲ್ಲಾಡಿಸುವುದು ಅವರ ಹಳೆಯ ರೂಢಿ. ನಿಷೇಧವಿದ್ದರೂ ಗಂಟೆಗಳು ಕಳ್ಳತನದಲ್ಲಿ ಒಳಗೆ ಬರುತ್ತಲೇ ಇದ್ದವು. ಕೊನೆಗೆ 2010ರಲ್ಲಿ ರಾಜಿಯಾಯಿತು. ಟೈಮ್‌ಔಟ್, ಮಧ್ಯಂತರ, ಅಂಕ ಗಳಿಸಿದ ನಂತರದಂಥ ಹೊತ್ತಿನಲ್ಲಿ ಗಂಟೆ ಬಾರಿಸಬಹುದು, ಎದುರಾಳಿ ಆಟಕ್ಕೆ ಸಜ್ಜಾದಾಗ ನಿಲ್ಲಿಸಬೇಕು. ತಪ್ಪಿದರೆ ವಿಶ್ವವಿದ್ಯಾಲಯಕ್ಕೆ ದಂಡ. ಬ್ಯಾಂಡ್ ಮತ್ತು ಧ್ವನಿವರ್ಧಕದ ಸಂಗೀತವೂ ಆಟ ಆರಂಭವಾಗುವ ಹೊತ್ತಿಗೆ ನಿಲ್ಲಬೇಕು.

ತಂಡಗಳೂ ಸುಮ್ಮನೆ ಕೂತಿಲ್ಲ. ಹೊರಗಿನ ಪಂದ್ಯಕ್ಕೆ ಮುನ್ನ ಅಭ್ಯಾಸದ ವೇಳೆ ದೊಡ್ಡ ಸ್ಪೀಕರ್‌ಗಳಲ್ಲಿ ಗದ್ದಲ ಹಾಕಿ ತಯಾರಿ ನಡೆಸುತ್ತಾರೆ. ಮಾತಿಲ್ಲದೆ ಆಟ ಆರಂಭಿಸುವ 'ಸೈಲೆಂಟ್ ಕೌಂಟ್' ಎಂಬ ಕ್ರಮವಿದೆ. ಕ್ವಾರ್ಟರ್‌ಬ್ಯಾಕ್ ಕಾಲು ಎತ್ತಿ ಸೂಚಿಸುತ್ತಾನೆ, ಪಕ್ಕದ ಆಟಗಾರ ಹಿಂದಿರುಗಿ ನೋಡಿ ಚೆಂಡು ಹಿಡಿದವನನ್ನು ತಟ್ಟುತ್ತಾನೆ, ಚೆಂಡು ಹಿಂದಕ್ಕೆ ಹಾರುತ್ತದೆ.

2024ರಿಂದ ಅಗ್ರ ವಿಭಾಗದಲ್ಲಿ ಕೋಚ್‌ಗಳು ಹೆಲ್ಮೆಟ್‌ನೊಳಗಿನ ಸ್ಪೀಕರ್ ಮೂಲಕ ಮೈದಾನದಲ್ಲಿರುವ ಒಬ್ಬ ಆಟಗಾರನೊಂದಿಗೆ ಮಾತನಾಡಲು ಅವಕಾಶವಿದೆ. ಪ್ರತಿ ಪ್ರಯತ್ನಕ್ಕೆ ನಿಗದಿಯಾದ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಸಂಪರ್ಕ ಕಡಿದುಹೋಗುತ್ತದೆ. ಇದರಿಂದ ಪ್ರೇಕ್ಷಕರ ಕೂಗಿಗೆ ಬೆಲೆ ಇಲ್ಲದಾಯಿತೇ? ಇಲ್ಲ. ಕೋಚ್ ಹೇಳಿದ್ದು ಕ್ವಾರ್ಟರ್‌ಬ್ಯಾಕ್‌ಗೆ ಕೇಳಿಸಿದರೂ ಅದನ್ನು ಉಳಿದ ಹತ್ತು ಜನರಿಗೆ ಅವನೇ ಮುಟ್ಟಿಸಬೇಕು. ಕೂಗು ಅಡ್ಡ ಬರುವುದೇ ಅಲ್ಲಿ.

ತೀರ್ಪುಗಾರರ ಮೇಲೂ ಪ್ರಭಾವ?

ಈ ಬಗ್ಗೆ ಹೆಚ್ಚು ಉಲ್ಲೇಖವಾಗುವ ಅಧ್ಯಯನ ನಡೆದದ್ದು ಇಂಗ್ಲೆಂಡಿನ ಕಾಲ್ಚೆಂಡಾಟದಲ್ಲಿ. 2002ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 40 ರೆಫರಿಗಳಿಗೆ ಒಂದೇ ಪಂದ್ಯದ ದೃಶ್ಯಗಳನ್ನು ತೋರಿಸಲಾಯಿತು. ಕೆಲವರಿಗೆ ಪ್ರೇಕ್ಷಕರ ಸದ್ದಿನೊಂದಿಗೆ, ಕೆಲವರಿಗೆ ಸದ್ದಿಲ್ಲದೆ. ಸದ್ದು ಕೇಳಿದವರು ತವರು ತಂಡದ ವಿರುದ್ಧ ಕೊಟ್ಟ ಫೌಲ್‌ಗಳು ಕಡಿಮೆ ಇದ್ದವು. ಅನುಮಾನವಿದ್ದ ಕಡೆ ಜನರ ಕೂಗು ಮನಸ್ಸನ್ನು ಸ್ವಲ್ಪ ವಾಲಿಸುತ್ತದೆ ಎಂಬುದು ಅದರ ತಾತ್ಪರ್ಯ.

2020ರಲ್ಲಿ ಕೋವಿಡ್ ಕಾರಣ ಅಮೆರಿಕದ ಕಾಲೇಜು ಮೈದಾನಗಳು ಖಾಲಿ ಅಥವಾ ಭಾಗಶಃ ತುಂಬಿದ್ದವು. ಧ್ವನಿಮುದ್ರಿತ ಗದ್ದಲವನ್ನು ಸ್ಪೀಕರ್‌ಗಳಲ್ಲಿ ಹಾಕಿದರೂ ಕಳೆ ಬರಲಿಲ್ಲ. ಮುದ್ರಿತ ಸದ್ದಿಗೆ ಮೂರನೇ ಡೌನ್ ಯಾವುದು, ನಾಲ್ಕನೆಯದು ಯಾವುದು ಎಂಬ ಆತಂಕ ಗೊತ್ತಿರುವುದಿಲ್ಲ.

ಸದ್ದು ಕುಗ್ಗಿಸುವ ಸಂಗತಿಗಳು

ಟಿವಿ ಪ್ರಸಾರದ ಪಂದ್ಯ ಮುಗಿಯಲು ಮೂರೂವರೆ ಗಂಟೆ ಹಿಡಿಯುವುದು ಸಾಮಾನ್ಯ. ಅದರಲ್ಲಿ ಜಾಹೀರಾತು ವಿರಾಮಗಳೇ ಎಷ್ಟೋ. ಆಗ ಆಟಗಾರರು ಸುಮ್ಮನೆ ನಿಂತಿರುತ್ತಾರೆ, ಏರಿದ ಕಾವು ಇಳಿಯುತ್ತದೆ. ಮನೆಯ ದೊಡ್ಡ ಪರದೆ, ದುಬಾರಿ ಟಿಕೆಟ್, ಮೈದಾನದಲ್ಲಿ ಸಿಗದ ಮೊಬೈಲ್ ನೆಟ್‌ವರ್ಕ್ ಎಲ್ಲವೂ ಜನರನ್ನು ದೂರ ಇಡುತ್ತವೆ.

ಗೆಲುವೂ ಸದ್ದಿಗೆ ಶತ್ರುವಾಗಬಹುದು. 2013ರಲ್ಲಿ ಸತತ ಗೆಲುವಿನ ಅಲೆಯಲ್ಲಿದ್ದ ಅಲಬಾಮಾದ ಕೋಚ್ ನಿಕ್ ಸೇಬನ್, ಅಭಿಮಾನಿಗಳು ಪಂದ್ಯ ಮುಗಿಯುವ ಮುನ್ನವೇ ಎದ್ದು ಹೋಗುವುದಕ್ಕೆ ಬಹಿರಂಗವಾಗಿ ಬೇಸರಪಟ್ಟಿದ್ದರು. 2019ರಲ್ಲಿ ಆ ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗಾಗಿ ಮೊಬೈಲ್ ಆ್ಯಪ್ ತಂದಿತು. ನಾಲ್ಕನೇ ಕ್ವಾರ್ಟರ್‌ವರೆಗೂ ಮೈದಾನದಲ್ಲಿ ಉಳಿದವರಿಗೆ ಹೆಚ್ಚುವರಿ ಅಂಕ, ಆ ಅಂಕಗಳ ಆಧಾರದಲ್ಲಿ ದೊಡ್ಡ ಪಂದ್ಯಗಳ ಟಿಕೆಟ್‌ಗೆ ಆದ್ಯತೆ. ವಿದ್ಯಾರ್ಥಿ ಎಲ್ಲಿದ್ದಾನೆ ಎಂಬುದನ್ನು ಫೋನ್ ಮೂಲಕ ಗಮನಿಸುವುದು ಸರಿಯೇ ಎಂಬ ಖಾಸಗಿತನದ ಚರ್ಚೆಯೂ ಆಗ ಎದ್ದಿತು.

ಕಿವಿಯ ಗತಿ?

ಅತಿ ಗಟ್ಟಿ ಪ್ರೇಕ್ಷಕರ ಗಿನ್ನೆಸ್ ದಾಖಲೆ ಕಾಲೇಜಿನದ್ದಲ್ಲ. 2014ರ ಸೆಪ್ಟೆಂಬರ್ 29ರಂದು ಕ್ಯಾನ್ಸಸ್ ಸಿಟಿಯ ಆ್ಯರೋಹೆಡ್ ಸ್ಟೇಡಿಯಂನಲ್ಲಿ ಎನ್‌ಎಫ್‌ಎಲ್ ಅಭಿಮಾನಿಗಳು 142.2 ಡೆಸಿಬಲ್ ಮುಟ್ಟಿದ್ದರು. ಇಂಥ ಅಂಕಿಗಳನ್ನು ಒಂದಕ್ಕೊಂದು ಹೋಲಿಸುವಾಗ ಎಚ್ಚರ ಬೇಕು. ಮಾಪಕವನ್ನು ಕೂಗುವವರ ಮುಂದೆಯೇ ಇಟ್ಟರೆ ಒಂದು ಲೆಕ್ಕ, ಮೈದಾನದ ನಡುವೆ ಇಟ್ಟರೆ ಇನ್ನೊಂದು. ಒಂದು ಕ್ಷಣದ ಗರಿಷ್ಠ ಬೇರೆ, ಇಡೀ ಪಂದ್ಯದ ಸರಾಸರಿ ಬೇರೆ.

ದಾಖಲೆ ಹೇಗೇ ಇರಲಿ, ಕಿವಿಗೆ ಮಾತ್ರ ಅದು ನಿಜವಾದ ಅಪಾಯ. ಕೆಲಸದ ಸ್ಥಳದ ಆರೋಗ್ಯ ಕುರಿತ ಅಮೆರಿಕದ ಸಂಸ್ಥೆ ನಿಯೋಶ್ ಪ್ರಕಾರ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿಕೆಗೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ ಸುಮಾರು 15 ನಿಮಿಷ, 110ಕ್ಕೆ ಎರಡು ನಿಮಿಷವೂ ಇಲ್ಲ. ಪಂದ್ಯದ ಸದ್ದು ಏರಿಳಿಯುತ್ತದೆ ನಿಜ, ಆದರೂ ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ಹೀಗೆ ಪದೇ ಪದೇ ಆದರೆ ಕಳೆದುಕೊಂಡ ಕೇಳುವ ಶಕ್ತಿ ಮರಳಿ ಬಾರದು.

ಮೊದಲ ಬಾರಿ ಹೋಗುವವರು ಗಮನಿಸಬೇಕಾದ್ದು

* ಫೋಮ್ ಇಯರ್‌ಪ್ಲಗ್ ಜೇಬಿನಲ್ಲಿರಲಿ. ಪುಟ್ಟ ಮಕ್ಕಳಿಗೆ ಕಿವಿ ಮುಚ್ಚುವ ಇಯರ್‌ಮಫ್ ಕಡ್ಡಾಯ ಎಂದೇ ತಿಳಿಯಿರಿ.
* ವಿದ್ಯಾರ್ಥಿಗಳ ವಿಭಾಗದಲ್ಲಿ ಕೂರಲು ಆಗುವುದಿಲ್ಲ. ಊರಿಂದ ಬಂದ ತಂದೆ-ತಾಯಿ ಜೊತೆಗಿದ್ದರೆ ಬದಿಯ ಮೇಲಿನ ಸಾಲುಗಳು ವಾಸಿ. ಆಟವೂ ಚೆನ್ನಾಗಿ ಕಾಣುತ್ತದೆ.
* ಹಲವು ಕ್ರೀಡಾಂಗಣಗಳಲ್ಲಿ ಪಾರದರ್ಶಕ ಚೀಲಕ್ಕೆ ಮಾತ್ರ ಪ್ರವೇಶ. ಹೊರಗೆ ಹೋದರೆ ಮತ್ತೆ ಬಿಡದ ಕಡೆಗಳೂ ಇವೆ.
* ಎಸ್‌ಇಸಿ ಒಕ್ಕೂಟ 2019ರಲ್ಲಿ ಸಾಮಾನ್ಯ ಆಸನಗಳಲ್ಲೂ ಮದ್ಯ ಮಾರಾಟಕ್ಕೆ ಒಪ್ಪಿಗೆ ನೀಡಿತು. ಆದರೆ ಅಮೆರಿಕದಲ್ಲಿ ಮದ್ಯಕ್ಕೆ ಕನಿಷ್ಠ ವಯಸ್ಸು 21. ಪದವಿ ಓದುವ ಬಹುಪಾಲು ವಿದ್ಯಾರ್ಥಿಗಳು ಅದಕ್ಕಿಂತ ಚಿಕ್ಕವರು.
* ತವರು ತಂಡದ ಕೈಯಲ್ಲಿ ಚೆಂಡಿದ್ದಾಗ ಕೂಗಬೇಡಿ. ಸುತ್ತಲಿನವರು ತಿರುಗಿ ನೋಡುತ್ತಾರೆ!

2024ರಿಂದ ಕಾಲೇಜು ಪ್ಲೇಆಫ್ 12 ತಂಡಗಳಿಗೆ ವಿಸ್ತರಿಸಿದೆ. ಮೊದಲ ಸುತ್ತಿನ ಪಂದ್ಯಗಳು ತಟಸ್ಥ ಮೈದಾನದ ಬದಲು ಶ್ರೇಯಾಂಕದಲ್ಲಿ ಮುಂದಿರುವ ತಂಡದ ತವರಿನಲ್ಲಿ ನಡೆಯುತ್ತಿವೆ. ವರ್ಷವಿಡೀ ಚೆನ್ನಾಗಿ ಆಡಿದ ತಂಡಕ್ಕೆ ಸಿಗುವ ಬಹುಮಾನಗಳಲ್ಲಿ ತನ್ನ ಜನರ ಕೂಗೂ ಒಂದು ಎಂದು ಅದರೊಂದಿಗೆ ಅಧಿಕೃತವಾಗಿ ಒಪ್ಪಿಕೊಂಡಂತಾಗಿದೆ.